ಹೊರಗಿನ ಅಕೌಂಟೆಂಟ್‌ಗೆ ಟ್ಯಾಲಿ, ಜಿಎಸ್‌ಟಿ, ಬ್ಯಾಂಕ್ ಪ್ರವೇಶ ಕೊಡುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತಿಂಗಳ ಜಿಎಸ್‌ಟಿ ರಿಟರ್ನ್‌ಗೆ ಕೊನೆಯ ದಿನ 20. 18, 19ನೇ ತಾರೀಕು ಬಂದರೆ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು. "ಸರ್, ಲೆಕ್ಕ ಬರೀತಿದ್ದ ಹುಡುಗ ಬಿಟ್ಟು ಹೋದ. ಜಿಎಸ್‌ಟಿ ಒಟಿಪಿ ಅವನ ನಂಬರಿಗೇ ಹೋಗ್ತದರಿ. ನಾಳೆ 20. ಏನ್ ಮಾಡ್ಲಿ?" ಒಮ್ಮೆ ಹುಬ್ಬಳ್ಳಿ ಗೋಕುಲ ರಸ್ತೆಯ ಫ್ಯಾಬ್ರಿಕೇಷನ್ ಶೆಡ್ಡಿನವರು, ಇನ್ನೊಮ್ಮೆ ಎಪಿಎಂಸಿಯ ಕಾಳಿನ ಅಂಗಡಿಯವರು. ವ್ಯಾಪಾರ ಚೆನ್ನಾಗಿ ಬಲ್ಲವರೇ. ಎಡವಿದ್ದು ಮಾತ್ರ ಒಂದೇ ಕಡೆ: ಅಕೌಂಟೆಂಟ್ ಬಂದ ಮೊದಲ ದಿನವೇ ತಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಟ್ಟಿದ್ದರು.

ವಾರಕ್ಕೆ ಎರಡು ದಿನ ಬಂದು ಹೋಗುವವರಿಗೋ, ತಮ್ಮ ಮನೆಯಿಂದಲೇ ಎಂಟ್ರಿ ಹಾಕುವವರಿಗೋ ಲೆಕ್ಕ ಒಪ್ಪಿಸುವುದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಕೀಲಿಯನ್ನೇ ಅವರ ಕೈಗಿಡುವುದು ಬೇರೆ, ಅವರ ಹೆಸರಿನಲ್ಲಿ ಇನ್ನೊಂದು ಕೀಲಿ ಮಾಡಿಸಿ ಕೊಡುವುದು ಬೇರೆ. ಎರಡನೆಯದಕ್ಕೆ ಹೆಚ್ಚಿನ ಕಡೆ ಏರ್ಪಾಡು ಇದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಟಿಪಿ ಮೊದಲು, ಬ್ಯಾಂಕ್ ಕೊನೆಯ ಕಡೆಗೆ ಎಂಬುದಕ್ಕೆ ಕಾರಣವಿದೆ.

## ಮೊದಲು ಕೈಲಿರಬೇಕಾದವು

ವ್ಯಾಪಾರಕ್ಕೆಂದೇ ಒಂದು ಸಿಮ್, ವ್ಯಾಪಾರಕ್ಕೆಂದೇ ಒಂದು ಇಮೇಲ್, ಒಂದು ಪೆನ್‌ಡ್ರೈವ್, ಒಂದು ನೋಟ್‌ಬುಕ್, ಮತ್ತು ಯಾರೂ ತೊಂದರೆ ಕೊಡದ ಅರ್ಧ ದಿನ. ಸಿಮ್ ಮಾಲೀಕರ ಅಥವಾ ಪಾಲುದಾರರೊಬ್ಬರ ಹೆಸರಿನಲ್ಲೇ ಇರಲಿ, ಅವರ ಕೈಲೇ ಇರಲಿ. ಅದರ ರೀಚಾರ್ಜ್ ಎಂದೂ ತಪ್ಪಬಾರದು. ಬಹಳ ದಿನ ಬಳಸದ ನಂಬರನ್ನು ಮೊಬೈಲ್ ಕಂಪನಿ ಹಿಂಪಡೆದು ಬೇರೆಯವರಿಗೆ ಕೊಡುತ್ತದೆ. ಹಾಗಾದರೆ ನಿಮ್ಮ ಒಟಿಪಿ ಅಪರಿಚಿತರ ಫೋನಿಗೆ ಹೋಗುತ್ತದೆ.

## ಹಂತ 1: ಒಟಿಪಿ ಯಾರ ಫೋನಿಗೆ ಬರುತ್ತಿದೆ ನೋಡಿ

ಹೊಸ ಅಕೌಂಟೆಂಟ್‌ಗೆ ಏನನ್ನೂ ಕೊಡುವ ಮೊದಲು ಹಳೆಯದೆಲ್ಲ ನಿಮ್ಮ ಕೈಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಆದಾಯ ತೆರಿಗೆ ಪೋರ್ಟಲ್, ಟಿಡಿಎಸ್‌ನ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಟ್ರೇಸಸ್ ಪೋರ್ಟಲ್, ಪಿಎಫ್, ಇಎಸ್‌ಐ, ವೃತ್ತಿ ತೆರಿಗೆಯ ಇ-ಪ್ರೇರಣಾ, ಬ್ಯಾಂಕ್. ಪ್ರತಿಯೊಂದಕ್ಕೂ ನೀವೇ ಲಾಗಿನ್ ಆಗಿ, ಯಾವ ಮೊಬೈಲ್, ಯಾವ ಇಮೇಲ್ ನೋಂದಣಿಯಾಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಾಸ್‌ವರ್ಡ್ ಬರೆಯಬೇಡಿ, ನಂಬರ್ ಮತ್ತು ಇಮೇಲ್ ಮಾತ್ರ.

ಜಿಎಸ್‌ಟಿ ನೋಂದಣಿ ಮಾಡಿಸಿಕೊಟ್ಟವರು ತಮ್ಮದೇ ಮೊಬೈಲ್, ಇಮೇಲ್ ಹಾಕಿರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಇದನ್ನು ಬದಲಿಸಲು ಪೋರ್ಟಲ್‌ನಲ್ಲಿ ಸರ್ವಿಸಸ್, ನಂತರ ರಿಜಿಸ್ಟ್ರೇಷನ್, ನಂತರ ನಾನ್-ಕೋರ್ ತಿದ್ದುಪಡಿಗೆ ಹೋಗಿ. ಅಧಿಕೃತ ಸಹಿದಾರರ ವಿವರದಲ್ಲಿ ಹೊಸ ಮೊಬೈಲ್ ಮತ್ತು ಇಮೇಲ್ ಹಾಕಿ. ಇದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ತೊಡಕು ಬರುವುದು ಕೊನೆಯಲ್ಲಿ: ಅರ್ಜಿಗೆ ಇವಿಸಿ (ಒಟಿಪಿಯಿಂದ ದೃಢೀಕರಣ) ಮೂಲಕ ಸಹಿ ಮಾಡುವುದಾದರೆ ಆ ಒಟಿಪಿಯೂ ಹಳೆಯ ನಂಬರಿಗೇ ಹೋಗುತ್ತದೆ. ಆದ್ದರಿಂದ ಹಳಬರೊಂದಿಗೆ ಮಾತು ಕೆಡುವ ಮುನ್ನವೇ ಈ ಕೆಲಸ ಮುಗಿಸಿ.

ಹಳಬರು ಸಿಗುತ್ತಲೇ ಇಲ್ಲವೇ? ಆಗ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿಗೇ ಹೋಗಬೇಕು. ಪೋರ್ಟಲ್‌ನ ಸರ್ಚ್ ಟ್ಯಾಕ್ಸ್‌ಪೇಯರ್‌ನಲ್ಲಿ ನಿಮ್ಮ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಹಾಕಿದರೆ ನೀವು ರಾಜ್ಯದ ಸ್ಥಳೀಯ ಜಿಎಸ್‌ಟಿ ಕಚೇರಿಗೆ ಸೇರಿದ್ದೀರೋ ಕೇಂದ್ರದ ರೇಂಜ್‌ಗೋ ಎಂಬುದು ಕಾಣುತ್ತದೆ. ಗುರುತಿನ ಚೀಟಿ, ವ್ಯಾಪಾರದ ದಾಖಲೆ, ಮನವಿ ಪತ್ರ ಒಯ್ಯಿರಿ. ಅವರು ಪರಿಶೀಲಿಸಿ ಹೊಸ ಇಮೇಲ್, ಮೊಬೈಲ್ ಸೇರಿಸುತ್ತಾರೆ, ತಾತ್ಕಾಲಿಕ ಪಾಸ್‌ವರ್ಡ್ ಹೊಸ ಇಮೇಲಿಗೆ ಬರುತ್ತದೆ. 19ನೇ ತಾರೀಕಿಗೆ ಹೋದರೆ 20ಕ್ಕೆ ಮುಗಿಯುವ ಕೆಲಸವಲ್ಲ ಇದು. ತಡವಾದ 3ಬಿ (ತೆರಿಗೆ ಲೆಕ್ಕ ತೋರಿಸಿ ಕಟ್ಟುವ ಜಿಎಸ್‌ಟಿ ರಿಟರ್ನ್) ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ವಹಿವಾಟೇ ಇಲ್ಲದ ನಿಲ್ ರಿಟರ್ನ್ ಆದರೆ 20 ರೂಪಾಯಿ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ ಶೇ 18 ಬಡ್ಡಿ.

ಇಮೇಲ್‌ನಲ್ಲೂ ಒಂದು ಪರೀಕ್ಷೆ ಬಾಕಿ ಇದೆ. ಜಿಮೇಲ್‌ನ ಸೆಕ್ಯುರಿಟಿ ಪುಟದಲ್ಲಿ ಯಾವ ಯಾವ ಫೋನು, ಕಂಪ್ಯೂಟರ್‌ಗಳಲ್ಲಿ ಖಾತೆ ತೆರೆದಿದೆ ಎಂದು ನೋಡಿ, ನಿಮ್ಮದಲ್ಲದ್ದನ್ನು ಹೊರಹಾಕಿ. ಪಾಸ್‌ವರ್ಡ್ ಮರೆತಾಗ ನೆರವಿಗೆಂದು ಕೊಟ್ಟ ರಿಕವರಿ ನಂಬರ್ ಯಾರದು ಎಂಬುದನ್ನೂ ನೋಡಿ. ಇಮೇಲ್ ಕೈತಪ್ಪಿದರೆ ಉಳಿದೆಲ್ಲ ಪಾಸ್‌ವರ್ಡ್ ಅದರ ಮೂಲಕವೇ ಬದಲಾಗುತ್ತದೆ.

## ಹಂತ 2: ಯಾವ ಕೆಲಸಕ್ಕೆ ಯಾವ ಪ್ರವೇಶ, ಬರೆದಿಡಿ

ಅಕೌಂಟೆಂಟ್ ಎದುರು ಕೂತು, ಅವರು ಮಾಡುವ ಕೆಲಸಗಳನ್ನು ಒಂದೊಂದಾಗಿ ಬರೆಯಿರಿ. ಮಾರಾಟ, ಖರೀದಿ ಎಂಟ್ರಿ ಹಾಕುವುದಕ್ಕೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಸಾಕು. ಬ್ಯಾಂಕ್ ತಾಳೆ ನೋಡುವುದಕ್ಕೆ ಸ್ಟೇಟ್‌ಮೆಂಟ್ ಸಾಕು, ನೆಟ್ ಬ್ಯಾಂಕಿಂಗ್ ಬೇಡ. ರಿಟರ್ನ್ ಸಿದ್ಧಪಡಿಸುವುದು ಒಂದು ಕೆಲಸ, ಹಾಕುವುದು ಇನ್ನೊಂದು. ಹೀಗೆ ಬಿಡಿಸಿ ಬರೆದಾಗ ಅವರಿಗೆ ಬೇಕಾಗಿರುವುದು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂದು ಗೊತ್ತಾಗುತ್ತದೆ.

ಇದನ್ನೇ ಅರ್ಧ ಪುಟದ ಒಪ್ಪಂದವಾಗಿ ಬರೆದು ಇಬ್ಬರೂ ಸಹಿ ಹಾಕಿ. ಟ್ಯಾಲಿ ಡೇಟಾ ಯಾರದು (ನಿಮ್ಮದು), ಬ್ಯಾಕಪ್ ಯಾವ ದಿನ ಕೊಡಬೇಕು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಬೇರೆಯವರಿಗೆ ಮಾಹಿತಿ ಕೊಡುವಂತಿಲ್ಲ ಎಂಬ ನಾಲ್ಕು ಸಂಗತಿ ಇದ್ದರೆ ಸಾಕು. ಹದಿನೈದು ವರ್ಷದ ಪರಿಚಯದವರ ಮುಂದೆ ಕಾಗದ ಇಡಲು ಸಂಕೋಚವಾಗುತ್ತದೆ, ಬಲ್ಲೆ. ಮೊದಲೇ ಹೀಗೆ ಹೇಳಿ: "ನಾಳೆ ಏನಾದ್ರೂ ಹೆಚ್ಚು ಕಡಿಮೆ ಆದ್ರೆ ನಿಮ್ಮ ಮೇಲೆ ಮಾತು ಬರಬಾರದು." ಅದು ನಿಜವೂ ಹೌದು. ಒಂದೇ ಪಾಸ್‌ವರ್ಡನ್ನು ನಾಲ್ವರು ಬಳಸುವ ಕಡೆ ಹಣ ಕಾಣೆಯಾದರೆ ಪ್ರಾಮಾಣಿಕನಿಗೂ ತನ್ನ ತಪ್ಪಿಲ್ಲವೆಂದು ತೋರಿಸಲು ದಾರಿ ಇರುವುದಿಲ್ಲ.

## ಹಂತ 3: ಟ್ಯಾಲಿಯಲ್ಲಿ ಅವರ ಹೆಸರಿನ ಬಳಕೆದಾರ

1. ಮೊದಲು ಬ್ಯಾಕಪ್. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿ ಪೆನ್‌ಡ್ರೈವ್‌ಗೆ ಹಾಕಿ.

2. ಆಲ್ಟ್ ಮತ್ತು ಕೆ ಒತ್ತಿ ಕಂಪನಿ ಆಲ್ಟರ್‌ಗೆ ಹೋಗಿ, ಬಳಕೆದಾರರ ಪ್ರವೇಶ ನಿಯಂತ್ರಣಕ್ಕೆ ಯೆಸ್ ಕೊಡಿ. ಇಲ್ಲಿ ಕೇಳುವ ಅಡ್ಮಿನ್ ಹೆಸರು, ಪಾಸ್‌ವರ್ಡ್ ನಿಮ್ಮದಾಗಿರಲಿ. ಅಕೌಂಟೆಂಟ್ ಪಕ್ಕದಲ್ಲಿ ಕೂತು "ನಾನೇ ಹಾಕ್ತೀನಿ ಬಿಡಿ ಸರ್" ಎಂದರೂ ಟೈಪ್ ಮಾಡುವುದು ನೀವೇ.

3. ಮತ್ತೆ ಆಲ್ಟ್ ಮತ್ತು ಕೆ ಒತ್ತಿ, ಯೂಸರ್ ರೋಲ್ಸ್‌ನಲ್ಲಿ ಡೇಟಾ ಎಂಟ್ರಿ ಎಂಬ ಸಿದ್ಧ ಪಾತ್ರವನ್ನು ಆಧಾರವಾಗಿಟ್ಟುಕೊಂಡು ಹೊಸ ಪಾತ್ರ ಮಾಡಿ. ಹಿಂದಿನ ತಾರೀಕಿಗೆ ಎಷ್ಟು ದಿನದವರೆಗೆ ವೋಚರ್ ಹಾಕಬಹುದು ಎಂಬ ಮಿತಿ ಅಲ್ಲೇ ಇದೆ. ರಿಟರ್ನ್ ಹಾಕಿ ಮುಗಿದ ತಿಂಗಳಿಗೆ ಯಾರೂ ಕೈಹಾಕದಂತೆ ಕಟ್-ಆಫ್ ತಾರೀಕನ್ನೂ ಹಾಕಬಹುದು. ಇದೊಂದನ್ನು ಮಾಡಿದ ಅಂಗಡಿಗಳಲ್ಲಿ ಮಾರ್ಚ್ ಕೊನೆಯ ಗೊಂದಲ ಅರ್ಧ ಇಳಿಯುತ್ತದೆ.

4. ಯೂಸರ್ಸ್ ಆ್ಯಂಡ್ ಪಾಸ್‌ವರ್ಡ್ಸ್‌ನಲ್ಲಿ ಅವರ ಹೆಸರು ಸೇರಿಸಿ, ಆ ಪಾತ್ರ ಕೊಡಿ. "ಅಕೌಂಟ್ಸ್" ಎಂಬ ಸಾಮಾನ್ಯ ಹೆಸರು ಬೇಡ, ವ್ಯಕ್ತಿಯ ಹೆಸರೇ ಇರಲಿ.

5. ಎಡಿಟ್ ಲಾಗ್ ಚಾಲೂ ಮಾಡಿ. ಯಾವ ವೋಚರನ್ನು ಯಾರು, ಯಾವಾಗ ತಿದ್ದಿದರು, ಅಳಿಸಿದರು ಎಂಬುದು ಅದರಲ್ಲಿ ಉಳಿಯುತ್ತದೆ. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಇಂಥ ದಾಖಲೆ ಇಡುವ ಸಾಫ್ಟ್‌ವೇರ್ ಕಡ್ಡಾಯ, ಅದನ್ನು ಆಫ್ ಮಾಡುವಂತೆಯೂ ಇಲ್ಲ. ನಿಮ್ಮದು ಒಬ್ಬರದೇ ಮಾಲೀಕತ್ವದ ಅಂಗಡಿಯಾದರೂ ಇಟ್ಟುಕೊಳ್ಳಿ.

6. ದೂರದಿಂದ ಕೆಲಸ ಮಾಡುವವರಾದರೆ ಟ್ಯಾಲಿ ಡಾಟ್ ನೆಟ್ ಬಳಕೆದಾರರಾಗಿ ಸೇರಿಸಬಹುದು. ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಬಳಸುವುದಾದರೆ, ನೀವಿಲ್ಲದಾಗಲೂ ಒಳಬರುವ ಪಾಸ್‌ವರ್ಡ್ ಇಡಬೇಡಿ, ಪ್ರತಿ ಸಲ ನೀವು ಒಪ್ಪಿದ ಮೇಲಷ್ಟೇ ತೆರೆಯಲಿ. ಅದು ತೆರೆದಿರುವಾಗ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಪುಟ ತೆರೆಯಬಾರದು.

ಟ್ಯಾಲಿವಾಲ್ಟ್ ಬಗ್ಗೆ ಎಚ್ಚರ. ಅದು ಡೇಟಾವನ್ನೇ ಗೂಢಲಿಪಿಗೆ ಹಾಕುತ್ತದೆ. ಆ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ಉಪಾಯವಿಲ್ಲ. ವಾಲ್ಟ್ ಹಾಕಿದ್ದರೆ ಅದರ ಪಾಸ್‌ವರ್ಡ್ ಅಕೌಂಟೆಂಟ್ ಒಬ್ಬರಿಗೇ ಗೊತ್ತಿರುವ ಸ್ಥಿತಿ ಒಂದು ದಿನವೂ ಇರಬಾರದು.

ಇನ್ನೊಂದು ಸಂಗತಿ ಬಹಳ ಕಡೆ ಯಾರ ಗಮನಕ್ಕೂ ಬರುವುದಿಲ್ಲ. ಡೇಟಾ ಇರುವುದು ಎಲ್ಲಿ? ಎಷ್ಟೋ ವ್ಯಾಪಾರಗಳ ಐದಾರು ವರ್ಷದ ಲೆಕ್ಕ ಅಕೌಂಟೆಂಟ್‌ರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುತ್ತದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊನೆಯ ದಿನದಿಂದ 72 ತಿಂಗಳು ಇಡಬೇಕಾದವರು ನೀವು, ಅವರಲ್ಲ. ಪ್ರತಿ ಶನಿವಾರ ಬ್ಯಾಕಪ್ ತರಿಸಿಕೊಳ್ಳಿ, ತಿಂಗಳಿಗೊಮ್ಮೆ ನಿಮ್ಮ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ತೆರೆದು ನೋಡಿ. ಲೈಸೆನ್ಸ್ ಇಲ್ಲದಿದ್ದರೂ ಎಜುಕೇಷನಲ್ ಮೋಡ್‌ನಲ್ಲಿ ನೋಡಲು ಬರುತ್ತದೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

## ಹಂತ 4: ಜಿಎಸ್‌ಟಿ, ಇ-ವೇ ಬಿಲ್, ಇ-ಇನ್‌ವಾಯ್ಸ್

ಇ-ವೇ ಬಿಲ್ ಸುಲಭ. ನಿಮ್ಮ ಲಾಗಿನ್‌ನಲ್ಲಿ ಯೂಸರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಬ್-ಯೂಸರ್ ಮಾಡಿ. ಅವರ ಮೊಬೈಲ್ ನಂಬರ್ ಹಾಕಿ, ಬಿಲ್ ಮಾಡುವ ಹಕ್ಕು ಮಾತ್ರ ಟಿಕ್ ಮಾಡಿ. 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯವಾಗಿರುವುದರಿಂದ, ಒಂದೇ ಐಡಿ ಹಂಚಿಕೊಂಡರೆ ಲಾರಿ ಲೋಡಾಗಿ ನಿಂತಾಗ ಒಟಿಪಿಗಾಗಿ ನಿಮ್ಮನ್ನು ಹುಡುಕಬೇಕಾಗುತ್ತದೆ. ಸಬ್-ಯೂಸರ್ ಇದ್ದರೆ ಒಟಿಪಿ ಅವರ ಫೋನಿಗೇ ಹೋಗುತ್ತದೆ. ಬೇಡವಾದ ದಿನ ಫ್ರೀಜ್ ಮಾಡುವ ಆಯ್ಕೆಯೂ ಅಲ್ಲೇ ಇದೆ. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಮಾಡುವವರು ಆ ಪೋರ್ಟಲ್‌ನಲ್ಲೂ ಹೀಗೆಯೇ ಮಾಡಿ.

ಜಿಎಸ್‌ಟಿ ಮುಖ್ಯ ಪೋರ್ಟಲ್‌ನಲ್ಲಿ ಕೆಲಸ ನೋಡಿ ದಾರಿ ಆರಿಸಬೇಕು. ಅಕೌಂಟೆಂಟ್ ಸ್ವತಃ ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿದ್ದರೆ, ಯೂಸರ್ ಸರ್ವಿಸಸ್‌ನಲ್ಲಿ ಅವರ ನೋಂದಣಿ ಸಂಖ್ಯೆ ಹಾಕಿ ಎಂಗೇಜ್ ಮಾಡಿ. ಅವರು ತಮ್ಮ ಲಾಗಿನ್‌ನಿಂದಲೇ ರಿಟರ್ನ್ ಸಿದ್ಧಪಡಿಸುತ್ತಾರೆ, ನಿಮ್ಮ ಪಾಸ್‌ವರ್ಡ್ ಬೇಕಾಗುವುದಿಲ್ಲ.

ಪ್ರಾಕ್ಟೀಷನರ್ ಅಲ್ಲದಿದ್ದರೆ ಟ್ಯಾಲಿಯ ದಾರಿ ಇದೆ. ಪೋರ್ಟಲ್‌ನ ಮೈ ಪ್ರೊಫೈಲ್‌ನಲ್ಲಿ ಮ್ಯಾನೇಜ್ ಎಪಿಐ ಆಕ್ಸೆಸ್ (ಬೇರೆ ಸಾಫ್ಟ್‌ವೇರ್‌ಗೆ ಪೋರ್ಟಲ್ ತೆರೆಯುವ ಅನುಮತಿ) ತೆರೆದು ಅನುಮತಿ ಕೊಡಿ. ಅವಧಿ 6 ಗಂಟೆಯಿಂದ 30 ದಿನದವರೆಗೆ ನೀವೇ ಆರಿಸಬಹುದು. ಟ್ಯಾಲಿಯ ಇತ್ತೀಚಿನ ಆವೃತ್ತಿಗಳು ಒಟಿಪಿ ಪಡೆದು ನೇರವಾಗಿ ಮಾಹಿತಿ ಏರಿಸುತ್ತವೆ, 2ಬಿ (ನಿಮ್ಮ ಖರೀದಿಗೆ ಸಿಗುವ ತೆರಿಗೆ ಜಮೆಯ ಪಟ್ಟಿ) ಇಳಿಸಿಕೊಳ್ಳುತ್ತವೆ. ಒಟಿಪಿ ಬರುವುದು ನಿಮಗೆ, ಎಂಟ್ರಿ ಮಾಡುವವರು ಅವರು, ಪಾಸ್‌ವರ್ಡ್ ಯಾರ ಬಾಯಿಗೂ ಬರುವುದಿಲ್ಲ. ನಾನು ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ. ಹಳೆಯ ಆವೃತ್ತಿಯಾದರೆ ಅವರು ಪೋರ್ಟಲ್‌ಗೆ ಏರಿಸುವ ಜೇಸನ್ ಫೈಲ್ ಮಾಡಿ ಕೊಡಲಿ, ಏರಿಸುವುದು ನೀವು ಅಥವಾ ನಿಮ್ಮ ಆಡಿಟರ್.

ಒಟಿಪಿ ಹೇಳುವ ಮುನ್ನ ಮೆಸೇಜ್ ಪೂರ್ತಿ ಓದಿ. ಲಾಗಿನ್‌ಗೋ, ರಿಟರ್ನ್ ಸಹಿಗೋ, ತಿದ್ದುಪಡಿಗೋ ಎಂದು ನೋಡಿಕೊಳ್ಳಿ. "ಸರ್, ಒಟಿಪಿ ಬಂತೇನ್ರಿ? ಬೇಗ ಹೇಳ್ರಿ" ಎಂಬ ಅವಸರಕ್ಕೆ ಮಣಿಯಬೇಡಿ. 3ಬಿಗೆ ಸಹಿ ಹಾಕುವ ಮುಂಚೆ ಅದರ ಪಿಡಿಎಫ್ ತರಿಸಿಕೊಂಡು ಮೂರು ಅಂಕಿ ನೋಡಿ: ಒಟ್ಟು ಮಾರಾಟ, ಪಡೆಯುತ್ತಿರುವ ಐಟಿಸಿ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಜಮೆ), ಕಟ್ಟುವ ನಗದು. ಐಟಿಸಿ 2ಬಿಗಿಂತ ಹೆಚ್ಚಿದ್ದರೆ ಕಾರಣ ಕೇಳಿ. ನಾಳೆ ನೋಟಿಸ್ ಬರುವುದು ನಿಮ್ಮ ಜಿಎಸ್‌ಟಿಐಎನ್‌ಗೆ.

## ಹಂತ 5: ಆದಾಯ ತೆರಿಗೆ, ಟಿಡಿಎಸ್, ಪಿಎಫ್

ಆದಾಯ ತೆರಿಗೆ ಪೋರ್ಟಲ್ ಪಾಸ್‌ವರ್ಡ್ ಅಕೌಂಟೆಂಟ್‌ಗೆ ಬೇಕಿಲ್ಲ. ಆಡಿಟರ್ ಅವರನ್ನು ಮಾತ್ರ ಆಥರೈಸ್ಡ್ ಪಾರ್ಟ್‌ನರ್ಸ್ ವಿಭಾಗದ ಮೈ ಚಾರ್ಟರ್ಡ್ ಅಕೌಂಟೆಂಟ್‌ನಲ್ಲಿ ಸೇರಿಸಿ. ಅವರು ಏರಿಸಿದ ವರದಿಯನ್ನು ನೀವು ನೋಡಿ ಒಪ್ಪಿಕೊಳ್ಳಬೇಕು. ಇ-ಫೈಲಿಂಗ್ ವಾಲ್ಟ್‌ನಲ್ಲಿ ಆಧಾರ್ ಒಟಿಪಿ ಕಡ್ಡಾಯ ಮಾಡಿಟ್ಟರೆ ಪಾಸ್‌ವರ್ಡ್ ಸೋರಿದರೂ ಒಳಗೆ ಹೋಗಲಾಗದು. ಟಿಡಿಎಸ್‌ಗೆ ಟ್ರೇಸಸ್‌ನಲ್ಲಿ ಸಬ್-ಯೂಸರ್ ಮಾಡಿಕೊಡಬಹುದು. ಪಿಎಫ್, ಇಎಸ್‌ಐಗೆ ಅವರು ಸಂಬಳದ ಪಟ್ಟಿ, ಚಲನ್ ಸಿದ್ಧಪಡಿಸಲಿ, ಹಣ ಕಟ್ಟುವುದು ನೀವು.

## ಹಂತ 6: ಡಿಎಸ್‌ಸಿ ಟೋಕನ್ ಕೈಬಿಡಬೇಡಿ

ಕಂಪನಿ, ಎಲ್‌ಎಲ್‌ಪಿಗಳು ಜಿಎಸ್‌ಟಿ ರಿಟರ್ನ್‌ಗೆ ಡಿಎಸ್‌ಸಿಯಲ್ಲೇ (ಡಿಜಿಟಲ್ ಸಹಿ ಪ್ರಮಾಣಪತ್ರ) ಸಹಿ ಹಾಕಬೇಕು. ಅದಕ್ಕೇ ಆ ಸಹಿ ಇರುವ ಡಾಂಗಲ್ (ಟೋಕನ್) ಅಕೌಂಟೆಂಟ್‌ರ ಬ್ಯಾಗಿನಲ್ಲೇ ಉಳಿದುಬಿಡುತ್ತದೆ, ಪಿನ್ ಅದರ ಮೇಲೆಯೇ ಅಂಟಿಸಿರುತ್ತದೆ. ಅದು ನಿಮ್ಮ ಸಹಿ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮು ಅದನ್ನು ನಿಮ್ಮ ಹಿಡಿತದಲ್ಲಿಟ್ಟುಕೊಳ್ಳುವ ಹೊಣೆಯನ್ನು ನಿಮ್ಮ ಮೇಲೆಯೇ ಹಾಕಿದೆ. ಮಾರಿದವರು ಹಾಕಿಕೊಟ್ಟ ಪಿನ್ ಬದಲಿಸಿ, ಟೋಕನ್ ತಿಜೋರಿಯಲ್ಲಿಡಿ. ತಿಂಗಳಲ್ಲಿ ಎರಡು ದಿನ, ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ 10ನೇ ತಾರೀಕು, 3ಬಿಗೆ 19ನೇ ತಾರೀಕು ಎಂದು ಗೊತ್ತುಮಾಡಿ, ಆಗ ನಿಮ್ಮ ಎದುರೇ ಸಹಿ ಆಗಲಿ.

## ಹಂತ 7: ಬ್ಯಾಂಕ್

ಇಲ್ಲಿಯವರೆಗಿನದು ಸರಿಯಾಗಿ ಒಂದು ತಿಂಗಳು ನಡೆದ ಮೇಲಷ್ಟೇ ಬ್ಯಾಂಕಿಗೆ ಬನ್ನಿ.

ಹೆಚ್ಚಿನವರಿಗೆ ಸ್ಟೇಟ್‌ಮೆಂಟ್ ಸಾಕು. ಪ್ರತಿ ಸೋಮವಾರ ಎಕ್ಸೆಲ್ ಇಳಿಸಿ ಕಳಿಸಿ, ಟ್ಯಾಲಿಗೆ ನೇರವಾಗಿ ಸೇರಿಸಿಕೊಂಡು ತಾಳೆ ನೋಡಬಹುದು. ಅಂಗಡಿಯ ಕ್ಯೂಆರ್‌ಗೆ ಬಂದ ಯುಪಿಐ ಹಣಕ್ಕೂ ಹೀಗೆಯೇ, ಸೆಟ್ಲ್‌ಮೆಂಟ್ ವರದಿ ಕಳಿಸಿ, ಆ್ಯಪ್ ಅಲ್ಲ.

ವಹಿವಾಟು ದೊಡ್ಡದಾಗಿ ಪ್ರತಿದಿನ ನೋಡಲೇಬೇಕಾದರೆ ಶಾಖೆಗೆ ಹೋಗಿ ಕಾರ್ಪೊರೇಟ್ ನೆಟ್ ಬ್ಯಾಂಕಿಂಗ್ ಕೇಳಿ. ಅದರಲ್ಲಿ ನೋಡುವ ಹಕ್ಕು ಮಾತ್ರ ಇರುವ ಬಳಕೆದಾರರನ್ನು ಪ್ರತ್ಯೇಕವಾಗಿ ಮಾಡಿಕೊಡುತ್ತಾರೆ. ಪೇಮೆಂಟ್ ಕೂಡ ಅವರೇ ಸಿದ್ಧಪಡಿಸಬೇಕೆಂದರೆ ಮೇಕರ್, ಚೆಕರ್ ಏರ್ಪಾಡು ಕೇಳಿ: ಅವರು ಹಾಕುತ್ತಾರೆ, ನೀವು ಒಪ್ಪಿದರಷ್ಟೇ ಹಣ ಹೋಗುತ್ತದೆ. ಹೊಸ ಪಾರ್ಟಿಯ ಖಾತೆ ಸೇರಿಸುವ ಹಕ್ಕು ಮೇಕರ್‌ಗೆ ಒಂಟಿಯಾಗಿ ಇರದಂತೆ ನೋಡಿಕೊಳ್ಳಿ.

ನಿಮ್ಮ ಸ್ವಂತ ಐಡಿ, ಪಾಸ್‌ವರ್ಡ್ ಮಾತ್ರ ಯಾರಿಗೂ ಬೇಡ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಗ್ರಾಹಕರೇ ಪಾಸ್‌ವರ್ಡ್ ಹಂಚಿಕೊಂಡ ನಿರ್ಲಕ್ಷ್ಯದಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕರದೇ. ಸಹಿ ಹಾಕಿದ ಖಾಲಿ ಚೆಕ್ ಬಿಟ್ಟು ಊರಿಗೆ ಹೋಗುವ ಅಭ್ಯಾಸವೂ ಇಲ್ಲಿಗೆ ನಿಲ್ಲಲಿ.

ತೆರಿಗೆ ಹಣದ ವಿಷಯ ಬಿಡಿಸಿ ಹೇಳಬೇಕು, ನಾನು ಕಂಡ ದೊಡ್ಡ ನಷ್ಟಗಳೆಲ್ಲ ಇಲ್ಲಿಯವೇ. "ಈ ತಿಂಗಳ ಟ್ಯಾಕ್ಸ್ 38,000, ನನಗೆ ಹಾಕಿಬಿಡಿ, ನಾನು ಕಟ್ತೀನಿ" ಎಂಬ ಮಾತಿಗೆ ಎಂದೂ ಒಪ್ಪಬೇಡಿ. ಅಕೌಂಟೆಂಟ್ ಚಲನ್ ಮಾಡಿ 14 ಅಂಕಿಯ ಸಿಪಿಐಎನ್ (ಚಲನ್ ಸಂಖ್ಯೆ) ಕಳಿಸಲಿ. ಅದು 15 ದಿನ ಚಾಲ್ತಿಯಲ್ಲಿರುತ್ತದೆ. ನೀವು ನಿಮ್ಮ ಖಾತೆಯಿಂದಲೇ ಕಟ್ಟಿ, ನಂತರ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್‌ನಲ್ಲಿ ಬಂದಿದೆಯೇ ನೋಡಿ. ಅವರ ಸಂಬಳ ಅವರ ಖಾತೆಗೆ, ತೆರಿಗೆ ಸರ್ಕಾರದ ಖಾತೆಗೆ, ಎರಡೂ ಎಂದೂ ಸೇರಬಾರದು.

## ಹಂತ 8: ತಿಂಗಳಿಗೊಮ್ಮೆ ಅರ್ಧ ಗಂಟೆ

ಕೊಟ್ಟು ಮರೆತರೆ ಇಷ್ಟೂ ಶ್ರಮ ವ್ಯರ್ಥ. ಜಿಎಸ್‌ಟಿ ಪೋರ್ಟಲ್‌ನ ಸರ್ಚ್ ಟ್ಯಾಕ್ಸ್‌ಪೇಯರ್‌ನಲ್ಲಿ ಲಾಗಿನ್ ಇಲ್ಲದೆಯೇ ಫೈಲಿಂಗ್ ಟೇಬಲ್ ನೋಡಬಹುದು, ಯಾವ ತಿಂಗಳ ರಿಟರ್ನ್ ಯಾವ ದಿನ ಹೋಗಿದೆ ಎಂದು ತೋರಿಸುತ್ತದೆ. "ಹಾಕಿದ್ದೀನಿ ಸರ್" ಎಂಬುದನ್ನು ಅಲ್ಲಿ ಒಂದು ನಿಮಿಷದಲ್ಲಿ ಪರೀಕ್ಷಿಸಿ. ಟ್ಯಾಲಿಯ ಬ್ಯಾಂಕ್ ಬಾಕಿ, ಪಾಸ್‌ಬುಕ್ ಬಾಕಿ ತಾಳೆಯಾಗಿದೆಯೇ ನೋಡಿ. ದೊಡ್ಡ ಗಿರಾಕಿಗಳಲ್ಲಿ ಇಬ್ಬರಿಗೆ ನೀವೇ ಫೋನ್ ಮಾಡಿ ಬಾಕಿ ಎಷ್ಟೆಂದು ಕೇಳಿ.

ಕೆಲವು ಲಕ್ಷಣ ಕಂಡರೆ ತಡಮಾಡಬೇಡಿ. ನೀವು ಕೇಳದೆ ಬಂದ ಒಟಿಪಿ. ಜಿಎಸ್‌ಟಿಆರ್-1ರಲ್ಲಿ ನೀವು ಎಂದೂ ಮಾಲು ಕೊಡದ ಪಾರ್ಟಿಯ ಹೆಸರು: ನಿಮ್ಮ ನಂಬರಿನಲ್ಲಿ ನಕಲಿ ಬಿಲ್ ಮಾಡಿ ಬೇರೆಯವರಿಗೆ ಐಟಿಸಿ ದಾಟಿಸುತ್ತಿರಬಹುದು. ತಿಂಗಳಿಂದ ತಿಂಗಳಿಗೆ ಬೆಳೆಯುವ ಸಸ್ಪೆನ್ಸ್ ಖಾತೆ (ಯಾವ ಲೆಕ್ಕಕ್ಕೆಂದು ತಿಳಿಯದ ಮೊತ್ತ ಹಾಕಿಡುವುದು). ರಿಫಂಡ್ ಬರುವ ಬ್ಯಾಂಕ್ ಖಾತೆ ಬದಲಾಗಿರುವುದು. ರಜೆಯನ್ನೇ ತೆಗೆದುಕೊಳ್ಳದೆ, ಬೇರೆ ಯಾರಿಗೂ ಫೈಲ್ ತೋರಿಸದ ಅಕೌಂಟೆಂಟ್. ಕೊನೆಯದು ಒಳ್ಳೆಯ ಗುಣವೆಂದು ಮಾಲೀಕರು ಹೊಗಳುವುದನ್ನು ಕೇಳಿದ್ದೇನೆ. ಹಾಗಿದ್ದಾಗ ವರ್ಷಕ್ಕೊಮ್ಮೆ ಬೇರೆಯವರಿಂದ ಲೆಕ್ಕ ನೋಡಿಸಿ. ಖಾತೆಯಿಂದ ಹಣ ಹೋಗಿದ್ದು ಕಂಡರೆ ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

## ಹಂತ 9: ಬಿಟ್ಟು ಹೋಗುವ ದಿನ

ಇಲ್ಲಿಯೂ ಕ್ರಮ ಮುಖ್ಯ. ಮೊದಲು ಡೇಟಾ ಪಡೆಯಿರಿ, ಆಮೇಲೆ ಬಾಗಿಲು ಮುಚ್ಚಿ. ತಿರುಗುಮುರುಗು ಮಾಡಿದರೆ ಅರ್ಧ ಎಂಟ್ರಿ ಅವರ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತದೆ.

1. ಟ್ಯಾಲಿಯ ಕೊನೆಯ ಬ್ಯಾಕಪ್ ಪಡೆದು, ಅವರು ಎದುರಿಗಿರುವಾಗಲೇ ನಿಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಬಿಲ್ ಫೈಲುಗಳು, ಚಲನ್‌ಗಳು, ಬಾಕಿ ಕೆಲಸದ ಪಟ್ಟಿ ಕೈಗೆ ಬರಲಿ.

2. ಟ್ಯಾಲಿ ಬಳಕೆದಾರರ ಹೆಸರು ತೆಗೆಯಿರಿ. ಇ-ವೇ ಬಿಲ್, ಇ-ಇನ್‌ವಾಯ್ಸ್, ಟ್ರೇಸಸ್‌ನ ಸಬ್-ಯೂಸರ್‌ಗಳನ್ನು ನಿಲ್ಲಿಸಿ.

3. ಜಿಎಸ್‌ಟಿಯಲ್ಲಿ ಡಿಸ್‌ಎಂಗೇಜ್ ಮಾಡಿ, ಎಪಿಐ ಅನುಮತಿ ಮುಚ್ಚಿ, ಪಾಸ್‌ವರ್ಡ್ ಬದಲಿಸಿ.

4. ಬ್ಯಾಂಕಿಗೆ ಪತ್ರ ಬರೆದು ಅವರ ಬಳಕೆದಾರ ಐಡಿ ರದ್ದು ಮಾಡಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

5. ಹಂಚಿಕೊಂಡ ಡ್ರೈವ್ ಫೋಲ್ಡರ್, ಇಮೇಲ್, ಎನಿಡೆಸ್ಕ್, ವಾಟ್ಸ್‌ಆ್ಯಪ್ ಗುಂಪು, ಒಂದೊಂದಾಗಿ ತೆಗೆಯಿರಿ.

6. ಹಂತ 2ರ ಕಾಗದ ತೆಗೆದು, ಕೊಟ್ಟದ್ದೆಲ್ಲ ಮರಳಿದೆ ಎಂದು ಇಬ್ಬರೂ ಅದರ ಕೆಳಗೆ ಸಹಿ ಹಾಕಿ, ಅವರ ಬಾಕಿ ಸಂಬಳವನ್ನು ಅದೇ ದಿನ ಚುಕ್ತಾ ಮಾಡಿ. ಮಾರ್ಚ್ ಲೆಕ್ಕ ಮುಗಿಸುವಾಗ ಒಂದೆರಡು ಎಂಟ್ರಿ ಕೇಳಲು ಅವರಿಗೆ ಫೋನ್ ಮಾಡಬೇಕಾಗಿ ಬರುತ್ತದೆ.